ಹಾಲು ಕರೆಯೋಕೆ ಮೂಡ್ ಬೇಕಾ? – ಪೋಷಕರಿಗೆ ಎಚ್‌ಎಂ ಪತ್ರ

ಎಲ್ಲಾ ಪೋಷಕರಿಗೂ ನಮಸ್ಕಾರ.

ದಸರಾ ರಜೆ ಮುಗೀತು, ಎಸ್‌ಎ-1 (ಅರ್ಧವಾರ್ಷಿಕ ಪರೀಕ್ಷೆ) ಮಾರ್ಕ್ಸ್ ಕಾರ್ಡ್ ಕಳಿಸಿದೀವಿ, ಎಲ್ಲರ ಕೈಗೂ ಸೇರಿಲ್ಲ ಅಂತ ಗೊತ್ತು, ಹೆಂಗೆ ಅಂದ್ರೆ ವಾಪಸ್ ಬಂದಿರೋ ಕಾರ್ಡಲ್ಲಿ ಸೈನ್ ನೋಡಿದ್ರೆ ಗೊತ್ತಾಗ್ಬಿಡತ್ತೆ, ಇಪ್ಪತ್ತಾರು ವರ್ಷದಿಂದ ಮೇಷ್ಟ್ರಾಗಿದೀನಿ, ಯಾವ್ದು ಅಪ್ಪನ ಸೈನು ಯಾವ್ದು ಮಗನ ಕೈಚಳಕ ಅಂತ ಕನ್ನಡಕ ಇಲ್ದೆನೂ ಹೇಳ್ತೀನಿ. ಆ ವಿಷ್ಯಕ್ಕೆ ಆಮೇಲೆ ಬರ್ತೀನಿ. ಬೈಯೋಕಂತೂ ಬರೀತಿಲ್ಲ, ಗಾಬರಿ ಆಗ್ಬೇಡಿ.

ಮಾರ್ಕ್ಸ್ ಬಂದ್ಮೇಲೆ ನನಗೆ ಬಂದಿರೋ ಫೋನ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಮಾತು. "ಸಾ, ನಮ್ಮುಡುಗನಿಗೆ ಸ್ವಲ್ಪ ಮೋಟಿವೇಶನ್ ಕೊಡ್ಸಿ ಸಾ." ಹೋದ ವರ್ಷ ಕೊಡ್ಸಿದ್ವಲ್ಲ, ನೆನಪಿದ್ಯಾ? ಶಾಮಿಯಾನ ಹಾಕ್ಸಿ, ಮೈಕ್ ಸೆಟ್ ತರ್ಸಿ, ಬೆಂಗಳೂರಿಂದ ಒಬ್ರನ್ನ ಕರೆಸಿದ್ವಿ. ತುಂಬಾ ಚೆನ್ನಾಗಿ ಮಾತಾಡಿದ್ರು, ಸುಳ್ಳು ಹೇಳಲ್ಲ, ನನ್ ಕಣ್ಣಲ್ಲೂ ನೀರು ಬಂತು. ಮಕ್ಕಳು ಮುಷ್ಟಿ ಎತ್ತಿ ಸಾಧಿಸ್ತೀವಿ ಸಾಧಿಸ್ತೀವಿ ಅಂತ ಕೂಗಿದ್ದು ಬಸ್ ಸ್ಟ್ಯಾಂಡಿಗೂ ಕೇಳಿಸ್ತಂತೆ. ಅವತ್ತು ರಾತ್ರಿನೇ ಎಲ್ಲರ ಮನೇಲೂ ಹೊಸ ಟೈಮ್‌ಟೇಬಲ್, ಕೆಂಪು ನೀಲಿ ಸ್ಕೆಚ್ ಪೆನ್ನಲ್ಲಿ, ಬೆಳಗ್ಗೆ ನಾಲ್ಕು ಗಂಟೆಯಿಂದ ರಾತ್ರಿ ಹನ್ನೊಂದರವರೆಗೆ ಒಂದು ನಿಮಿಷ ಬಿಡದಂಗೆ. ಎಂಟನೇ ದಿನ ನಾನು ಟೆಂತ್ ಕ್ಲಾಸಿಗೆ ಹೋಗಿ, ಟೈಮ್‌ಟೇಬಲ್ ಇನ್ನೂ ಯಾರ್ ಯಾರು ಪಾಲಿಸ್ತಿದೀರಿ ಕೈ ಎತ್ತಿ ಅಂದೆ. ಎರಡು ಕೈ ಎದ್ವು. ಅದ್ರಲ್ಲಿ ಒಂದು ಟಾಯ್ಲೆಟ್‌ಗೆ ಹೋಗ್ಬೇಕು ಅಂತ ಎತ್ತಿದ್ದು.

ಆರಂಭ ಶೂರತ್ವ ಅಂತ ನಮ್ಮ ಹಿರಿಯರು ಸುಮ್ನೆ ಅಂದಿಲ್ಲ. ಆದ್ರೆ ಇದ್ರಲ್ಲಿ ಮಕ್ಕಳ ತಪ್ಪು ನನಗೆ ಕಾಣಲ್ಲ. ತಪ್ಪು ನಮ್ದೇ, ಮೊದಲು ಹುರುಪು ಬರ್ಬೇಕು ಆಮೇಲೆ ಕೆಲಸ ಅಂತ ನಾವೇ ಅವರಿಗೆ ಕಲ್ಸಿದೀವಿ.

ಈಗ ನೀವೇ ಹೇಳಿ, ಬೆಳಗ್ಗೆ ಐದೂವರೆಗೆ ಕೊಟ್ಟಿಗೆಗೆ ಹೋಗೋಕೆ ನಿಮಗೆ ಯಾರು ಬಂದು ಮೋಟಿವೇಶನ್ ಕೊಡ್ತಾರೆ? ಮಳೆ ಇರ್ಲಿ, ಚಳಿ ಇರ್ಲಿ, ಹಿಂದಿನ ರಾತ್ರಿ ಗಂಡ ಹೆಂಡ್ತಿ ಜಗಳ ಆಡಿರ್ಲಿ, ಹಸು ಅಂಬಾ ಅನ್ನತ್ತೆ, ನೀವು ಎದ್ದು ಹೋಗ್ತೀರಿ. ಮೂಡ್ ಇಲ್ಲ ಇವತ್ತು ಕರೆಯಲ್ಲ ಅಂದೋರನ್ನ ಈ ತಿಪಟೂರು ಸೀಮೇಲಿ ನಾನು ನೋಡಿಲ್ಲ. ಅಲ್ಲಿ ಏನೇನು ಕೂಡಿದೆ ನೋಡಿ. ಟೈಮ್ ಗಟ್ಟಿ, ಜಾಗ ಗಟ್ಟಿ, ಕರೆಯೋಕೆ ಹಸು ಇದೆ, ಡೈರಿ ಬಾಗಿಲು ಹಾಕೋದ್ರೊಳಗೆ ಕ್ಯಾನ್ ಅಲ್ಲಿರ್ಬೇಕು, ಹಾಲು ಹಾಕಿದ ತಕ್ಷಣ ಎಷ್ಟು ಲೀಟರ್ ಎಷ್ಟು ಫ್ಯಾಟ್ ಅಂತ ಗೊತ್ತಾಗತ್ತೆ. ಮನಸ್ಸನ್ನ ಕೇಳೋ ಪ್ರಶ್ನೆನೇ ಬರಲ್ಲ. ನಿಮ್ಮ ಮಗುಗೆ ಇಂಥದ್ದೊಂದು ವ್ಯವಸ್ಥೆ ಮನೇಲಿ ಮಾಡ್ಕೊಡಿ, ಅಷ್ಟೇ ನನ್ನ ಬೇಡಿಕೆ.

ಇದು ನನಗೂ ಸುಲಭವಾಗಿ ಅರ್ಥ ಆಗಿದ್ದಲ್ಲ. ಮೂರು ವರ್ಷದ ಹಿಂದೆ ಶುಗರ್ ಬಂತು, ಡಾಕ್ಟ್ರು ವಾಕಿಂಗ್ ಮಾಡಿ ಮೇಷ್ಟ್ರೇ ಅಂದ್ರು. ಎರಡೂವರೆ ಸಾವಿರ ಕೊಟ್ಟು ಶೂ ತಗೊಂಡೆ, ಮೊದಲ ದಿನವೇ ಕೆರೆ ಏರಿ ತುದಿವರೆಗೆ ಹೋಗಿ ಬಂದೆ, ಐದು ಕಿಲೋಮೀಟರ್ ಆಯ್ತು ಅಂತ ಸ್ಟೇಟಸ್ಸೂ ಹಾಕ್ದೆ. ಒಂಬತ್ತನೇ ದಿನಕ್ಕೆ ಮಂಡಿ ನೋವು, ಶೂ ಮಂಚದ ಕೆಳಗೆ. ನಾಲ್ಕು ತಿಂಗಳು ಅಲ್ಲೇ ಇತ್ತು, ಬೆಕ್ಕು ಅದ್ರಲ್ಲಿ ಮರಿ ಹಾಕೋದೊಂದು ಬಾಕಿ. ಕೊನೆಗೆ ನಮ್ಮನೆಯವರು ಪೇಪರ್ ಹುಡುಗನ್ನ ಬಿಡಿಸಿಬಿಟ್ರು, ಇನ್ಮೇಲೆ ಪೇಪರ್ ಬೇಕಾದ್ರೆ ಬಸ್ ಸ್ಟ್ಯಾಂಡಿಗೆ ಹೋಗಿ ತನ್ನಿ ಅಂತ. ಹೋಗಿ ಬರೋಕೆ ಹದಿನೈದು ನಿಮಿಷ. ಪೇಪರ್ ಇಲ್ದೆ ನನಗೆ ಕಾಫಿ ಇಳಿಯಲ್ಲ, ಹಂಗಾಗಿ ಹೋಗ್ಲೇಬೇಕು. ಈಗ ಬಸ್ ಸ್ಟ್ಯಾಂಡ್ ದಾಟಿ ರೈಲ್ವೆ ಗೇಟ್‌ವರೆಗೆ ಹೋಗ್ತೀನಿ, ಯಾರೂ ಹೇಳಿಲ್ಲ, ಕಾಲೇ ಕರ್ಕೊಂಡು ಹೋಗತ್ತೆ.

ಯೂಟ್ಯೂಬಲ್ಲಿ ಎಲ್ರೂ 21 ದಿನ ಮಾಡಿದ್ರೆ ಅಭ್ಯಾಸ ಆಗೋಗತ್ತೆ ಅಂತಾರೆ. ಅದ್ರ ಮೂಲ ಏನು ಗೊತ್ತಾ, 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನೋ ಅಮೆರಿಕದ ಪ್ಲಾಸ್ಟಿಕ್ ಸರ್ಜನ್, ಆಪರೇಶನ್ ಆದೋರಿಗೆ ತಮ್ಮ ಹೊಸ ಮುಖ ರೂಢಿ ಆಗೋಕೆ ಕಡಿಮೆ ಅಂದ್ರೂ 21 ದಿನ ಬೇಕು ಅಂತ ಬರೆದ್ರು, ಬಾಯಿಂದ ಬಾಯಿಗೆ ಬರ್ತಾ ಆ ಕಡಿಮೆ ಅಂದ್ರೂ ಅನ್ನೋದು ಉದುರಿಹೋಯ್ತು, ಮುಖವೂ ಹೋಯ್ತು, ಬರೀ 21 ಉಳೀತು. ನಿಜವಾಗ್ಲೂ ಅಳೆದು ನೋಡಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಅನ್ನೋರ ತಂಡ. 96 ಜನ, ಒಬ್ಬೊಬ್ರೂ ಒಂದೊಂದು ಸಣ್ಣ ಅಭ್ಯಾಸ, ಊಟದ ಜೊತೆ ಹಣ್ಣು ತಿನ್ನೋದು ಆ ಥರದ್ದು, 12 ವಾರ. ಬೇಗ ರೂಢಿ ಆದೋರಿಗೆ 18 ದಿನ, ತಡ ಆಗೋರಿಗೆ 254 ದಿನ ಅಂತ ಅಂದಾಜು ಸಿಕ್ತು, ಮಧ್ಯದ ಲೆಕ್ಕ 66. ಅದಕ್ಕಿಂತ ನನಗೆ ಇಷ್ಟ ಆಗಿದ್ದು ಇನ್ನೊಂದು ವಿಷ್ಯ: ಮಧ್ಯೆ ಒಂದು ದಿನ ತಪ್ಪಿದ್ರೆ ಹೆಚ್ಚೇನೂ ಕೆಡಲ್ಲ ಅನ್ನೋದು. ಹಬ್ಬ, ಮದುವೆ, ಜ್ವರ ಎಲ್ಲಾ ಬರತ್ತೆ. ನಮ್ಮ ಮಕ್ಕಳು ಒಂದು ದಿನ ತಪ್ಪಿದ್ರೆ ಇಡೀ ಟೈಮ್‌ಟೇಬಲ್ಲೇ ಹರಿದು ಹಾಕ್ತಾರೆ, ಮುಂದಿನ ಸೋಮವಾರದಿಂದ ಅಂತಾರೆ, ಆ ಸೋಮವಾರ ಮಾತ್ರ ಬರೋದೇ ಇಲ್ಲ.

ಹಂಗಾಗಿ ನಾಲ್ಕು ಗಂಟೆ ಅಲಾರಾಂ ದಯವಿಟ್ಟು ಬಂದ್ ಮಾಡಿ. 13ರಿಂದ 18 ವಯಸ್ಸಿನೋರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ದೆ ಬಗ್ಗೆ ಓದಿರೋ ಡಾಕ್ಟ್ರುಗಳು ಹೇಳ್ತಾರೆ. ರಾತ್ರಿ ಹನ್ನೆರಡರವರೆಗೆ ರೀಲ್ಸ್, ಬೆಳಗ್ಗೆ ನಾಲ್ಕಕ್ಕೆ ಅಲಾರಾಂ, ಮೂರನೇ ಪೀರಿಯಡ್ಡಲ್ಲಿ ಬೆಂಚ್ ಮೇಲೆ ತಲೆ. ಫೋನ್ ಬಗ್ಗೆ ಜಾಸ್ತಿ ಹೇಳಲ್ಲ, ಚಾರ್ಜರ್ ನಡುಮನೇಲಿ ಇಡಿ, ಮಲಗೋ ರೂಮಲ್ಲಿ ಬೇಡ. ನಿಮ್ದೂ ಅಲ್ಲೇ ಇಡ್ಬೇಕು, ಅದು ಕಷ್ಟ ಅಂತ ಗೊತ್ತು.

ಏನು ಮಾಡ್ಬೇಕು ಅಂದ್ರೆ, ಸ್ಕೂಲಿಂದ ಬಂದು ಕೈಕಾಲು ತೊಳ್ಕೊಂಡು ಟೀ ಕುಡಿದ ತಕ್ಷಣ, ಜಗಲಿ ಮೇಲೋ ಅಡುಗೆ ಮನೆ ಬಾಗಿಲಲ್ಲೋ ಒಂದೇ ಜಾಗ, ಇಪ್ಪತ್ತು ನಿಮಿಷ. ಟೀ ಲೋಟ ಕೆಳಗಿಟ್ರೆ ಬ್ಯಾಗ್ ಜಿಪ್ ತೆಗೀಬೇಕು, ಅದೇ ನಮ್ಮ ಹಸು ಅಂಬಾ ಅನ್ನೋದು. ಮೊದಲ ಹತ್ತು ನಿಮಿಷ ಇವತ್ತಿನ ಒಂದು ಪಾಠ ಓದ್ಲಿ, ಆಮೇಲೆ ಪುಸ್ತಕ ಮುಚ್ಚಿ ಏನು ನೆನಪಿದೆಯೋ ಅದನ್ನ ಬಾಯಲ್ಲಿ ಹೇಳ್ಲಿ ಇಲ್ಲಾ ಬರೀಲಿ. ಮುಚ್ಚೋದು ಮುಖ್ಯ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗರ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ರು. ಕೆಲವರು ಒಂದು ಪಾಠನ ನಾಲ್ಕು ಸಲ ಓದಿದ್ರು, ಇನ್ನು ಕೆಲವರು ಒಂದೇ ಸಲ ಓದಿ ಮೂರು ಸಲ ನೋಡದೇ ನೆನಪಿಸ್ಕೊಂಡು ಬರೆದ್ರು. ಐದು ನಿಮಿಷ ಆದ್ಮೇಲೆ ಕೇಳಿದ್ರೆ ಓದಿದೋರೇ ಮುಂದೆ, ನೂರಕ್ಕೆ 83 ನೆನಪು, ಬರೆದೋರಿಗೆ 71. ವಾರ ಬಿಟ್ಟು ಕೇಳಿದ್ರೆ ಓದಿದೋರು 40ಕ್ಕೆ ಇಳಿದಿದ್ರು, ಬರೆದೋರು 61ರಲ್ಲಿ ನಿಂತಿದ್ರು. "ಎಲ್ಲಾ ಓದಿದ್ದೆ ಸಾರ್, ಎಕ್ಸಾಮ್ ಹಾಲಲ್ಲಿ ಮರ್ತೋಯ್ತು" ಅಂತ ಪ್ರತಿ ವರ್ಷ ಕೇಳ್ತೀನಲ್ಲ, ಆ ಮಕ್ಕಳು ಸುಳ್ಳು ಹೇಳ್ತಿರಲಿಲ್ಲ.

ನಮಗೆ ಓದೋಕೇ ಬರಲ್ಲ, ಏನು ಕೇಳೋಣ ಅಂತ ಕೆಲವು ತಾಯಂದಿರು ಅಂತಾರೆ. ಓದೋಕೆ ಬರದಿದ್ರೆ ಇನ್ನೂ ಒಳ್ಳೇದು. ಎಂಟನೇ ಕ್ಲಾಸಿನ ಒಂದು ಹುಡುಗಿ, ಹೆಸರು ಬೇಡ, ಅವಳ ಅಜ್ಜಿ ದಿನಾ ಬೆಳ್ಳುಳ್ಳಿ ಬಿಡಿಸ್ತಾ ಕೂತ್ಕೊಂಡು ಏನು ಹೇಳ್ಕೊಟ್ರು ನಂಗೆ ಅರ್ಥ ಆಗೋ ಹಂಗೆ ಹೇಳವ್ವ ಅಂತಾರಂತೆ. ಗಿಡ ಬಿಸಿಲಲ್ಲಿ ಊಟ ಮಾಡ್ಕೊಳತ್ತೆ ಅಂತ ಇವಳು ಹೇಳಿದ್ದಕ್ಕೆ, ಹಂಗಾರೆ ರಾತ್ರಿ ಹೊತ್ತು ಉಪವಾಸಾನಾ ಅಂದ್ರಂತೆ. ಹುಡುಗಿ ಬೆಳಗ್ಗೆ ಪ್ರಾರ್ಥನೆಗೂ ಮೊದಲೇ ಸೈನ್ಸ್ ಮಿಸ್ ಹತ್ರ ಓಡಿ ಬಂದು ಅದೇ ಪ್ರಶ್ನೆ ಕೇಳಿದ್ಲು. ಬಿ.ಎಡ್ ಮಾಡಿರೋ ನಮಗೆ ಅಂಥ ಪ್ರಶ್ನೆ ಹುಟ್ಟಿಸೋಕೆ ಆಗಲ್ಲ ರೀ.

ಇನ್ನು ಸೈನ್ ವಿಷ್ಯ. ಒಬ್ಬ ಹುಡುಗ 14 ಇದ್ದಿದ್ದನ್ನ 44 ಮಾಡಿ, ಅಪ್ಪನ ಸೈನೂ ಹಾಕ್ಕೊಂಡು ತಂದಿದ್ದ. ಕರೆದು ಕೂರಿಸ್ಕೊಂಡೆ, ಅತ್ತ. ಅವನು ದಡ್ಡ ಅಲ್ಲ, ಅದೇ ತೊಂದ್ರೆ. ಚಿಕ್ಕಂದಿನಿಂದ ಎಲ್ಲರೂ ಇವನು ಹುಟ್ಟಾ ಬುದ್ಧಿವಂತ, ಇವನಿಗೆ ಓದೋದೇ ಬೇಡ ಅಂತ ಹೊಗಳಿ ಹೊಗಳಿ ಇಟ್ಟಿದಾರೆ, ಈಗ ಬೀಜಗಣಿತ ಕಷ್ಟ ಆದಾಗ 14 ಬಂದ್ರೆ ಆ ಹೆಸರೇ ಹೋಗತ್ತಲ್ಲ. 1998ರಲ್ಲಿ ಕ್ಲಾಡಿಯಾ ಮುಲ್ಲರ್, ಕರೋಲ್ ಡ್ವೆಕ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು ಐದನೇ ಕ್ಲಾಸ್ ಮಕ್ಕಳ ಮೇಲೆ ಇದೇ ನೋಡಿದ್ರು. ಕೆಲವರಿಗೆ ನೀನು ಬುದ್ಧಿವಂತ ಅಂದ್ರು, ಕೆಲವರಿಗೆ ಚೆನ್ನಾಗಿ ಕಷ್ಟಪಟ್ಟಿದೀಯ ಅಂದ್ರು, ಆಮೇಲೆ ಕಷ್ಟದ ಪ್ರಶ್ನೆ ಕೊಟ್ರು. ಬುದ್ಧಿವಂತ ಅನ್ನಿಸ್ಕೊಂಡೋರಲ್ಲಿ ಹತ್ರತ್ರ ನೂರಕ್ಕೆ 40 ಮಕ್ಕಳು ಆಮೇಲೆ ತಮ್ಮ ಮಾರ್ಕ್ಸ್ ಬಗ್ಗೆ ಸುಳ್ಳು ಹೇಳಿದ್ರು. ಓದಿದಾಗ ಈ ಹುಡುಗನ ಮುಖವೇ ಕಣ್ಮುಂದೆ ಬಂತು.

ಹಂಗಂತ ಹೊಗಳೋ ಮಾತು ಬದಲಾಯಿಸಿದ್ರೆ ಮಗು ರಾತ್ರೋರಾತ್ರಿ ರ್‍ಯಾಂಕ್ ಬರತ್ತೆ ಅಂತ ನಾನು ಹೇಳಲ್ಲ. 2019ರಲ್ಲಿ ಅಮೆರಿಕದಲ್ಲೇ ಸುಮಾರು 12 ಸಾವಿರ ಒಂಬತ್ತನೇ ಕ್ಲಾಸ್ ಮಕ್ಕಳಿಗೆ ಬುದ್ಧಿ ಬೆಳೆಯೋ ವಸ್ತು ಅಂತ ಕಲಿಸಿ ನೋಡಿದಾಗ, ಹಿಂದೆ ಬಿದ್ದಿದ್ದ ಮಕ್ಕಳಿಗೆ ಉಪಯೋಗ ಆಯ್ತು, ಆದ್ರೆ ಸ್ವಲ್ಪವೇ. ಆ ಸ್ವಲ್ಪಕ್ಕೆ ನಮ್ಮ ಕೈಯಿಂದ ಹೋಗೋದು ಒಂದು ಮಾತು ಅಷ್ಟೇ ಅಲ್ವಾ. ನಿನ್ನ ತಲೇಲಿ ಸಗಣಿ ತುಂಬಿದೆ ಅನ್ನೋ ಕಡೆ, ಯಾವ ಸ್ಟೆಪ್ಪಲ್ಲಿ ತಪ್ಪಿದೆ ತೋರ್ಸು ಅನ್ನಿ. ನಮ್ಮ ವಂಶದಲ್ಲೇ ಯಾರಿಗೂ ಲೆಕ್ಕ ಬರಲ್ಲ ಅಂತೂ ಮಗು ಮುಂದೆ ಹೇಳ್ಲೇಬೇಡಿ, ಅದೊಂದು ಮಾತು ಸಾಕು ಪುಸ್ತಕ ಮುಚ್ಚಿಡೋಕೆ. ಬರಲ್ಲ ಅಂತ ಅಲ್ಲ, ಇನ್ನೂ ಬಂದಿಲ್ಲ. ಸರ್ಕಾರವೇ 2024ರಲ್ಲಿ ಎಸ್‌ಎಸ್‌ಎಲ್‌ಸಿಗೆ ಪರೀಕ್ಷೆ-1, 2, 3 ಅಂತ ಮೂರು ಅವಕಾಶ ಇಟ್ಟಿತ್ತು, ನಾವು ಮನೇಲಿ ಒಂದೇ ಎಸ್‌ಎ ನೋಡಿ ತೀರ್ಪು ಕೊಟ್ಬಿಡ್ತೀವಿ.

ನಿಮ್ಮ ಅಟ್ಟದ ಮೇಲೆ ಕಾಯಿ ಹಾಕಿದೀರಲ್ಲ, ಉಂಡೆ ಕೊಬ್ಬರಿ ಆಗೋಕೆ ಹತ್ತು ಹನ್ನೊಂದು ತಿಂಗಳು ಬಿಡ್ತೀರಲ್ಲ. ದಿನಾ ಏಣಿ ಹತ್ತಿ ಒಂದೊಂದು ಒಡೆದು ಒಣಗಿದ್ಯಾ ಅಂತ ನೋಡಿದ್ರೆ ಕೊಬ್ಬರಿ ಎಲ್ಲಿ ಉಳಿಯತ್ತೆ? ಪಕ್ಕದ ಮನೆಯೋರ ಕಾಯಿ ಬೇಗ ಗಡಗಡ ಅಂತು ಅಂತ ನಮ್ಮ ಕಾಯಿಗೆ ಯಾರೂ ಬೈಯಲ್ಲ.

ಎಲ್ಲಾ ಮನೇಲೂ ಇದು ಆಗಲ್ಲ, ಗೊತ್ತು. ಕುಡಿದು ಬರೋ ಮನೆ ಇದೆ, ಸಂಜೆ ಬಂದ ತಕ್ಷಣ ಮಗುನೇ ಹಸುಗೆ ಹುಲ್ಲು ಕುಯ್ಯೋಕೆ ಹೋಗೋ ಮನೆ ಇದೆ, ಇಪ್ಪತ್ತು ನಿಮಿಷಕ್ಕೂ ಜಾಗ ಇಲ್ಲದ ಮನೆ ಇದೆ. ಅಂಥ ಮಕ್ಕಳಿಗೆ ಸೋಮವಾರದಿಂದ ಲೈಬ್ರರಿ ರೂಮ್ ಸಂಜೆ ಐದೂವರೆವರೆಗೆ ತೆಗೆದಿರತ್ತೆ, ನಾನೇ ಇರ್ತೀನಿ. ಯಾರ ಮಗು ಬರತ್ತೆ ಅಂತ ಗ್ರೂಪಲ್ಲಿ ಹಾಕೋದು ಬೇಡ, ನನಗೊಂದು ಫೋನ್ ಮಾಡಿ ಸಾಕು.

ಈ ಶನಿವಾರ ಪೋಷಕರ ಸಭೆ ಇದೆ, ಹನ್ನೊಂದೂವರೆಗೆ. ತಾಯಂದಿರಷ್ಟೇ ಅಲ್ಲ, ಅಪ್ಪಂದಿರೂ ಬನ್ನಿ, ಹೋದ ಸಲ ನಾಲ್ಕೇ ಜನ ಇದ್ರಿ. ಬರುವಾಗ ನಿಮ್ಮ ಮನೇಲಿ ಆ ಇಪ್ಪತ್ತು ನಿಮಿಷಕ್ಕೆ ಯಾವ ಜಾಗ, ಯಾವ ಹೊತ್ತು ಅಂತ ಮಗು ಜೊತೆ ಮಾತಾಡಿ ಒಂದು ಚೀಟೀಲಿ ಬರ್ಸ್ಕೊಂಡು ಬನ್ನಿ. 14ನ 44 ಮಾಡಿದ ಹುಡುಗನ ಅಪ್ಪನೂ ಬರ್ತಿದಾರೆ, ಯಾರು ಅಂತ ಯಾರೂ ಕೇಳ್ಬೇಡಿ. ಟೀ ಇರತ್ತೆ, ಭಾಷಣ ಇರಲ್ಲ.

ಇಂತಿ,
ನಿಮ್ಮ ಎಚ್‌ಎಂ