ಸನ್ಮಾನ ಆಮೇಲೆ ಮಾಡಿ, ಮೊದಲು ಸಭೆ ಕರೆಯಿರಿ: ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ,

ನಮಸ್ಕಾರಗಳು.

ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಪ್ರತಿ ರಾಜ್ಯದಲ್ಲೂ ಒಂದು ಮೇಲ್ವಿಚಾರಣಾ ಸಮಿತಿ ಇರಬೇಕು. ಅದರ ಅಧ್ಯಕ್ಷರು ತಾವೇ, ಇಲ್ಲವೇ ತಾವು ಹೆಸರಿಸಿದ ಸಚಿವರು. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕು. ಈ ಪತ್ರವನ್ನು ಇಲಾಖೆಗೆ ಬರೆಯದೆ ತಮಗೇ ಬರೆಯುತ್ತಿರುವುದು ಆ ಕಾರಣಕ್ಕೆ. ಇಲಾಖೆಗೆ ಬರೆದರೆ ‘ಮುಂದಿನ ಕ್ರಮಕ್ಕಾಗಿ’ ಎಂಬ ಷರಾ ಬಿದ್ದು ಕಡತ ಇನ್ನೊಂದು ಮೇಜಿಗೆ ಹೋಗುತ್ತದೆ. ಅಧ್ಯಕ್ಷರಿಗೇ ಬರೆದರೆ ಹಾಗೆ ಸಾಗಹಾಕುವುದು ಸ್ವಲ್ಪ ಕಷ್ಟ.

ಈ ಪದ್ಧತಿ ಹೋಗಲೆಂದು ಹೋರಾಡುತ್ತಿರುವ ಬೆಜವಾಡ ವಿಲ್ಸನ್ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಮ್ಮ ಕೋಲಾರ ಜಿಲ್ಲೆಯ ಹೆಮ್ಮೆ ಎಂದು ನಾವೆಲ್ಲ ಹೇಳಿಕೊಂಡೆವು. ಅವರು 1966ರಲ್ಲಿ ಕೆಜಿಎಫ್‌ನಲ್ಲಿ ಹುಟ್ಟಿದವರು. ಹೆಮ್ಮೆಪಡುವುದರಲ್ಲಿ ತಪ್ಪಿಲ್ಲ. ಆದರೆ ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೋರಾಡುತ್ತಾ ಬಂದಿರುವುದು ಯಾವುದರ ವಿರುದ್ಧ ಎಂದು ನೋಡಿದರೆ ನಮಗೆ ಸ್ವಲ್ಪ ಮುಜುಗರವೂ ಆಗಬೇಕು. ತಲೆಯ ಮೇಲೆ ಮಲ ಹೊರುವುದನ್ನು ದೇವರಾಜ ಅರಸು ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 70ರ ದಶಕದಲ್ಲೇ ನಿಲ್ಲಿಸಿದ್ದರು. ಅದನ್ನು ನಾವು ಈಗಲೂ ಭಾಷಣಗಳಲ್ಲಿ ಹೇಳಿಕೊಳ್ಳುತ್ತೇವೆ. ಅದೇ ಕರ್ನಾಟಕದ ಕೆಜಿಎಫ್‌ನಲ್ಲಿ, ಸಾರ್ವಜನಿಕ ವಲಯದ ಚಿನ್ನದ ಗಣಿ ಕಂಪನಿಯ ಕಾಲೊನಿಗಳಲ್ಲಿ, ಒಣ ಶೌಚಾಲಯಗಳು (ನೀರಿಲ್ಲದ, ಮಲವನ್ನು ಕೈಯಿಂದಲೇ ಎತ್ತಬೇಕಾದ ಶೌಚಾಲಯಗಳು) 90ರ ದಶಕದವರೆಗೂ ಇದ್ದವು. ವಿಲ್ಸನ್ ಅವರ ತಂದೆ ದುಡಿದದ್ದು ಅಲ್ಲೇ. ಅವರ ಅಣ್ಣನೂ ಇದೇ ಕೆಲಸ ಮಾಡಿದವರು, ಮೊದಲು ರೈಲ್ವೆಯಲ್ಲಿ, ಆಮೇಲೆ ಗಣಿಯಲ್ಲಿ.

ಅಪ್ಪ ಅಮ್ಮ ಮಾಡುವ ಕೆಲಸ ಏನೆಂದು ಮನೆಯವರು ಮಗ ವಿಲ್ಸನ್‌ಗೆ ಹೇಳಿರಲಿಲ್ಲ. ಓದಿಗೆಂದು ಅವನನ್ನು ಆಂಧ್ರದ ಕುಪ್ಪಂ ಹಾಸ್ಟೆಲಿಗೆ ಕಳಿಸಿದ್ದರು. ಓದಿ ಬಂದು ಉದ್ಯೋಗ ವಿನಿಮಯ ಕೇಂದ್ರಕ್ಕೆ ಹೋದರೆ, ಅಲ್ಲಿನವರು ಜಾತಿ ನೋಡಿ ಕೆಲಸದ ಕಾಲಂನಲ್ಲಿ ಬರೆದದ್ದು ಅದೇ ಕೆಲಸವನ್ನು. ಆಮೇಲೊಂದು ದಿನ ಕೆಲಸದ ಜಾಗಕ್ಕೇ ಹೋಗಿ ನಿಂತರು. ಗುಂಡಿಯಿಂದ ಮಲ ಎತ್ತುತ್ತಿದ್ದಾಗ ಬಕೆಟ್ ಕೈಜಾರಿ ಒಳಗೆ ಬಿತ್ತು. ಒಬ್ಬ ಕಾರ್ಮಿಕ ಅಂಗಿಯ ತೋಳು ಮಡಚಿ ಬರಿಗೈಯನ್ನೇ ಒಳಗಿಳಿಸಿ ಅದನ್ನು ಹುಡುಕಿದ. ಬೇಡ ಎಂದು ವಿಲ್ಸನ್ ಕೂಗಿಕೊಂಡರು. ಬಕೆಟ್ ಇಲ್ಲದೆ ಕೆಲಸ ಮುಗಿಸುವುದು ಹೇಗೆ ಎಂದು ಆತ ಕೇಳಿದನಂತೆ. ಈ ಪ್ರಸಂಗವನ್ನು ವಿಲ್ಸನ್ ಅವರೇ ಹಲವು ಸಲ ಹೇಳಿದ್ದಾರೆ.

ಅಂಥ ಶೌಚಾಲಯಗಳೇ ನಮ್ಮಲ್ಲಿಲ್ಲ ಎಂದಿತು ಗಣಿಯ ಆಡಳಿತ. ಆಗ ಅವರು ಅವುಗಳ ಫೋಟೊ ತೆಗೆದರು. 1994ರಲ್ಲಿ ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಯಲ್ಲಿ ಅವು ಅಚ್ಚಾದ ಮೇಲೆ, ಇಲ್ಲ ಎಂದಿದ್ದವರೇ ಸಭೆ ಸೇರಿ ಅವನ್ನು ನೀರಿನ ಶೌಚಾಲಯಗಳಾಗಿ ಬದಲಾಯಿಸಿದರು, ಕೆಲಸಗಾರರಿಗೆ ಬೇರೆ ಕೆಲಸ ಕೊಟ್ಟರು. ಹಿಂದಿನ ವರ್ಷವಷ್ಟೇ ಸಂಸತ್ತು ಈ ಪದ್ಧತಿಯ ವಿರುದ್ಧ ಕಾನೂನು ಮಾಡಿತ್ತು. ಆ ಕಾನೂನು ಬೇಕೆಂದು ನಿರ್ಣಯ ಮಾಡಿ ಕಳಿಸಿದ ಆರು ರಾಜ್ಯಗಳಲ್ಲಿ ನಮ್ಮದೂ ಒಂದು ಎಂಬುದನ್ನು ತಮ್ಮ ಅಧಿಕಾರಿಗಳಿಗೆ ನೆನಪಿಸಬೇಕು.

ಅಲ್ಲಿಂದೀಚೆಗೆ ಅವರ ಕೆಲಸದ ಕ್ರಮ ಬದಲಾಗಿಲ್ಲ. ಸರ್ಕಾರ ‘ಇಲ್ಲ’ ಎಂದಲ್ಲಿ ಹೋಗಿ ನೋಡುವುದು, ಪಟ್ಟಿ ಮಾಡುವುದು, ಫೋಟೊ ಸಮೇತ ಮುಂದಿಡುವುದು. ನಿವೃತ್ತ ಐಎಎಸ್ ಅಧಿಕಾರಿ ಎಸ್.ಆರ್. ಶಂಕರನ್ ಮತ್ತು ಪಾಲ್ ದಿವಾಕರ್ ಅವರ ಜೊತೆ ಸೇರಿ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. (ಶಂಕರನ್ ಅವರಂಥ ಅಧಿಕಾರಿ ತಮ್ಮ ಸಚಿವಾಲಯದಲ್ಲೂ ಒಬ್ಬರಾದರೂ ಇರಬಹುದು, ಹುಡುಕಿಸಿ ನೋಡಿ.) 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗಲೂ ರಾಜ್ಯಗಳು ‘ನಮ್ಮಲ್ಲಿಲ್ಲ’ ಎಂದು ಪ್ರಮಾಣಪತ್ರ ಸಲ್ಲಿಸಿದವು, ಆಂದೋಲನ ಪುರಾವೆ ಸಲ್ಲಿಸಿತು. ಹೀಗೆ ಹನ್ನೊಂದು ವರ್ಷ ನಡೆಯಿತು. 2014ರ ಮಾರ್ಚ್ 27ರ ತೀರ್ಪಿನಲ್ಲಿ ನ್ಯಾಯಾಲಯ, 1993ರಿಂದೀಚೆಗೆ ಒಳಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬವನ್ನೂ ಗುರುತಿಸಿ ತಲಾ 10 ಲಕ್ಷ ರೂಪಾಯಿ ಕೊಡಿ ಎಂದಿತು. ಕೊಡಬೇಕಾದವರು ಹುಡುಕಿಕೊಂಡು ಹೋಗಬೇಕು, ಕುಟುಂಬದವರು ಅರ್ಜಿ ಹಿಡಿದು ಬರಬೇಕಾಗಿಲ್ಲ. 2023ರ ಅಕ್ಟೋಬರಿನಲ್ಲಿ ಈ ಮೊತ್ತ 30 ಲಕ್ಷಕ್ಕೆ ಏರಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದನ್ನು ಅದೇ ನ್ಯಾಯಾಲಯ ನಿಲ್ಲಿಸಲು ಹೇಳಿತು.

ಈಗ ನಮ್ಮ ರಾಜ್ಯಕ್ಕೆ ಬರುತ್ತೇನೆ. ಒಣ ಶೌಚಾಲಯ ಹೋಗಿರಬಹುದು. ಸಾವು ಈಗ ಮ್ಯಾನ್‌ಹೋಲಿನಲ್ಲಿದೆ, ಹೋಟೆಲಿನ ಹಿಂದಿನ ಪಿಟ್‌ನಲ್ಲಿದೆ, ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿಗಳಲ್ಲಿದೆ. ಮೊದಲು ಇಳಿದವನು ಕುಸಿದನೆಂದು ಎತ್ತಲು ಎರಡನೆಯವನು ಇಳಿಯುತ್ತಾನೆ. ಒಳಗಿನ ವಿಷಾನಿಲ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ಹತ್ತುವುದಿಲ್ಲ, ಹಾಗಾಗಿ ಅವನಿಗೂ ಸುಳಿವು ಸಿಗುವುದಿಲ್ಲ. ಮರುದಿನ ಪತ್ರಿಕೆಯಲ್ಲಿ ‘ಉಸಿರುಗಟ್ಟಿ ಸಾವು’ ಎಂಬ ನಾಲ್ಕು ಸಾಲು. ಗುತ್ತಿಗೆದಾರನ ಮೇಲೆ ನಿರ್ಲಕ್ಷ್ಯದ ಕೇಸು ಹಾಕಿ ಸುಮ್ಮನಾದರೆ ಕಾಯ್ದೆಗೆ ಕೆಲಸವೇ ಇಲ್ಲ. ಅಪಾಯಕಾರಿ ಸ್ವಚ್ಛತೆಗೆ ಜನರನ್ನು ಇಳಿಸಿದವರಿಗೆ ಮೊದಲ ಸಲವೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಎಂದು ಅದರ 9ನೇ ಸೆಕ್ಷನ್ ಹೇಳುತ್ತದೆ. ಇಳಿದವರು ಪರಿಶಿಷ್ಟರಾದರೆ ದೌರ್ಜನ್ಯ ತಡೆ ಕಾಯ್ದೆಯೂ ಬರುತ್ತದೆ.

ಆದ್ದರಿಂದ ನಾನು ಕೇಳುತ್ತಿರುವುದು ಹೊಸ ಯೋಜನೆಯನ್ನಲ್ಲ. ಮೇಲ್ವಿಚಾರಣಾ ಸಮಿತಿಯ ಸಭೆ ಕರೆಯಿರಿ, ನಡಾವಳಿಯನ್ನು ಜಾಲತಾಣದಲ್ಲಿ ಹಾಕಿಸಿ. 1993ರಿಂದ ಕರ್ನಾಟಕದಲ್ಲಿ ಹೀಗೆ ಸತ್ತವರೆಷ್ಟು, ಯಾವ ಜಿಲ್ಲೆಯಲ್ಲಿ, ಯಾವ ಕುಟುಂಬಕ್ಕೆ ಎಷ್ಟು ಹಣ ಯಾವಾಗ ಸಂದಿತು, 9ನೇ ಸೆಕ್ಷನ್ ಅಡಿ ಎಷ್ಟು ಕೇಸು ದಾಖಲಾಗಿ ಎಷ್ಟರಲ್ಲಿ ಶಿಕ್ಷೆಯಾಯಿತು ಎಂಬುದೆಲ್ಲ ಒಂದೇ ಕಡೆ ಸಾರ್ವಜನಿಕರಿಗೆ ಸಿಗಲಿ. ಸಮೀಕ್ಷೆ ಮಾಡಿಸುವುದಾದರೆ ಪುರಸಭೆಯ ಅಧಿಕಾರಿಗೆ ಫಾರಂ ಕೊಟ್ಟು ‘ಶೂನ್ಯ’ ಎಂದು ಬರೆಸಿಕೊಳ್ಳಬೇಡಿ. ಆ ಕೇರಿಗಳ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಕೇಳಿ, ಅವರಿಗೆ ಗೊತ್ತಿರುತ್ತದೆ. 2010ರಲ್ಲಿ ಸವಣೂರಿನ ಪುರಸಭೆ ಎದುರು ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ನಿಂತ ಮೇಲೆಯೇ ಅವರ ಮಾತು ಊರಿಗೆ ಕೇಳಿಸಿದ್ದು. ಇನ್ನು ಯಾರೂ ಅಲ್ಲಿಯವರೆಗೆ ಹೋಗಬೇಕಾಗಿ ಬರಬಾರದು.

ವಿಲ್ಸನ್ ಅವರನ್ನು ಕರೆದು ಶಾಲು, ಹಾರ ಹಾಕುವ ಆಲೋಚನೆ ಯಾರಿಗಾದರೂ ಇದ್ದರೆ ಬೇಡವೆನ್ನಲು ನಾನು ಯಾರು? ಕರೆಯುವುದಾದರೆ ಆ ಸಮಿತಿಯ ಸಭೆಗೇ ಕರೆಯಿರಿ. ಆಂದೋಲನದವರು 2015ರ ಡಿಸೆಂಬರಿನಿಂದ 125 ದಿನ ದೇಶ ಸುತ್ತಿ ‘ನಮ್ಮನ್ನು ಕೊಲ್ಲುವುದನ್ನು ನಿಲ್ಲಿಸಿ’ ಎಂದು ಭೀಮ ಯಾತ್ರೆ ಮಾಡಿದವರು, ಬೆಂಗಳೂರಿಗೆ ಬರಲು ಅವರಿಗೆ ಬೇಸರವಿರಲಾರದು. ಜಿಲ್ಲೆಗಳ ಲೆಕ್ಕವನ್ನು ಅವರೆದುರು ಓದಿಸಿ.

ಮುಂದಿನ ಸಭೆಯ ದಿನಾಂಕವನ್ನು ದಯವಿಟ್ಟು ಪ್ರಕಟಿಸಿ.

ಇಂತಿ,
ಕೋಲಾರ ಜಿಲ್ಲೆಯ ಒಬ್ಬ ಮತದಾರ