ನಮ್ಮೂರಿನಿಂದ ದೂರುಗಳು: ಸೊನ್ನೆ

ಸಂಪಾದಕರೇ,

ನಮ್ಮೂರಿಂದ ಎರಡು ಕಿಲೋಮೀಟರ್ ಆಚೆ ಒಂದು ಕಾರ್ಖಾನೆ ಇದೆ. ಹೆಸರು ಬೇಡ, ಷೇರುಪೇಟೆಯಲ್ಲಿರುವ ದೊಡ್ಡ ಕಂಪನಿಯದು. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಮೊನ್ನೆ ಆ ಕಂಪನಿಯ ವಾರ್ಷಿಕ ವರದಿಯನ್ನು ವಾಟ್ಸಾಪ್‌ನಲ್ಲಿ ಕಳಿಸಿ, 'ಮಾವ, ಇದ್ರಲ್ಲಿ ನಿಮ್ ವಿಷಯಾನೂ ಇದೆ' ಅಂದ. ಇಂಗ್ಲಿಷು. ಅವನಿಂದಲೇ ಫೋನಿನಲ್ಲಿ ಅರ್ಥ ಹೇಳಿಸಿಕೊಂಡು ನೋಡಿದೆ. ಒಂದು ಪಟ್ಟಿಯಲ್ಲಿ 'ಸುತ್ತಲಿನ ಸಮುದಾಯ' ಅಂತ ಒಂದು ಸಾಲು. ದುರ್ಬಲ ವರ್ಗವೇ? ಹೌದು. ಸಂಪರ್ಕ ಹೇಗೆ? ಊರಿನವರ ಸಭೆ. ಎಷ್ಟು ಸಲ? ವರ್ಷಕ್ಕೊಮ್ಮೆ. ಇನ್ನೊಂದು ಪುಟದಲ್ಲಿ ಇದೇ ಸಮುದಾಯದಿಂದ ಬಂದ ದೂರು ಸೊನ್ನೆ, ಬಾಕಿಯೂ ಸೊನ್ನೆ.

ಈ ಸೊನ್ನೆ ಹೇಗೆ ಬಂತು ಅಂತ ನನಗೆ ಗೊತ್ತು. ಆ ವರ್ಷದ ಮಳೆಗಾಲದಲ್ಲಿ ನಮ್ಮ ಬೋರ್‌ವೆಲ್ ನೀರನ್ನು ಚೊಂಬಿನಲ್ಲಿ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ತಳದಲ್ಲಿ ಹಳದಿ ಗಸಿ ನಿಂತಿರುತ್ತಿತ್ತು. ಕಾರ್ಖಾನೆಯೇ ಕಾರಣ ಅಂತ ನಾವೇನೂ ಹೇಳಲಿಲ್ಲ, ಒಮ್ಮೆ ನೀರು ಪರೀಕ್ಷೆ ಮಾಡಿಸಿ ಅಂತಷ್ಟೇ ಬರೆದು, ಹನ್ನೊಂದು ಜನ ಸಹಿ ಹಾಕಿ ಗೇಟಿಗೆ ಹೋದೆವು. ಸೆಕ್ಯುರಿಟಿಯವನು ಪತ್ರ ಇಸ್ಕೊಂಡ. ನಕಲಿನ ಮೇಲೆ ಒಂದು ಸೀಲ್ ಒತ್ತಿಕೊಡಪ್ಪ ಅಂದ್ರೆ 'ಇಲ್ಲಿ ಆ ಥರ ಎಲ್ಲ ಇಲ್ಲ ಸಾರ್' ಅಂದ. ಮುಗೀತು ಕಥೆ.

ಇನ್ನು ಆ ಸಭೆ. ಶಾಲೆಯಲ್ಲಿ ಮಕ್ಕಳಿಗೆ ಬ್ಯಾಗ್ ಹಂಚಿದ ದಿನ ನಮ್ಮನ್ನೆಲ್ಲ ಕೂರಿಸಿ ಹಾಳೆಗೆ ಸಹಿ ತಗೊಂಡರು, ಬ್ಯಾನರ್ ಮುಂದೆ ನಿಲ್ಲಿಸಿ ಫೋಟೋ ಹೊಡೆದರು, ಉಪ್ಪಿಟ್ಟು ಕೇಸರಿಬಾತ್ ಕೊಟ್ಟರು. ಅದೇ ಇರಬೇಕು. ಉಪ್ಪಿಟ್ಟು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ನಿಮ್ಮ ಕಷ್ಟ ಏನು ಅಂತ ಯಾರೂ ಕೇಳಲಿಲ್ಲ.

ವಾರ್ಷಿಕ ವರದಿಯ ಈ ಭಾಗಕ್ಕೆ ಬಿಆರ್‌ಎಸ್‌ಆರ್ ಅಂತಾರಂತೆ, ಅಂದರೆ ಪರಿಸರ, ಸಮಾಜದ ಬಗ್ಗೆ ಕಂಪನಿ ತನ್ನ ಹೊಣೆ ಹೇಗೆ ನಿಭಾಯಿಸಿದೆ ಅಂತ ಹೇಳುವ ವರದಿ. ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿ 2021ರಲ್ಲಿ ತಂದದ್ದು, 2022-23ರಿಂದ ಷೇರುಪೇಟೆಯ ಅತಿ ದೊಡ್ಡ 1000 ಕಂಪನಿಗಳಿಗೆ ಕಡ್ಡಾಯ. ಒಳ್ಳೇ ಕೆಲಸವೇ. ಅದರ ಒಂಬತ್ತು ತತ್ವಗಳಲ್ಲಿ ನಾಲ್ಕನೆಯದು ನಮ್ಮಂಥವರಿಗೆ ಸ್ಪಂದಿಸುವ ಬಗ್ಗೆಯೇ ಇದೆ. ಆದರೆ ವರದಿ ಓದುವವರು ಎಲ್ಲೋ ಮುಂಬೈಯಲ್ಲಿರುವ ಹೂಡಿಕೆದಾರರು, ಅದರಲ್ಲಿ ಬರೆದದ್ದು ನಿಜವೋ ಸುಳ್ಳೋ ಹೇಳಬಲ್ಲ ನಮಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ತಂಗಿಯ ಮಗ ಕಂಪನಿ ಲೆಕ್ಕಪತ್ರದ ಕೆಲಸದಲ್ಲಿ ಇಲ್ಲದಿದ್ದರೆ ಈಗಲೂ ಗೊತ್ತಾಗುತ್ತಿರಲಿಲ್ಲ.

ಇದನ್ನು ಕನ್ನಡದಲ್ಲಿ ಕೊಡೋದು ಆಗದ ಮಾತೇನಲ್ಲ. ಹೊಸ ಯೋಜನೆಗೆ ಅಹವಾಲು ಸಭೆ ಮಾಡುವಾಗ 2006ರ ಪರಿಸರ ಅಧಿಸೂಚನೆ ಪ್ರಕಾರ 30 ದಿನ ಮೊದಲೇ ಪತ್ರಿಕೆಯಲ್ಲಿ ತಿಳಿಸಬೇಕು, ಯೋಜನೆಯಿಂದ ಪರಿಸರದ ಮೇಲಾಗುವ ಪರಿಣಾಮದ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕು, ಸಭೆಯ ಕೊನೆಗೆ ಏನೇನು ಮಾತಾಯಿತು ಅಂತ ಜನರ ಎದುರೇ ಓದಿ ಹೇಳಬೇಕು. ಕಾರ್ಖಾನೆ ಕಟ್ಟುವ ಮೊದಲು ಕನ್ನಡ ಬೇಕು, ಕಟ್ಟಿದ ಮೇಲೆ ಬೇಡ ಅಂದ್ರೆ ಹೇಗೆ?

ಇನ್ನೂರು ಪುಟ ಬೇಡ. ನಮ್ಮ ಬಗ್ಗೆ ಬರೆದಿರುವ ಒಂದೇ ಒಂದು ಪುಟವನ್ನು ಕನ್ನಡದಲ್ಲಿ ಪಂಚಾಯಿತಿ ನೋಟಿಸ್ ಬೋರ್ಡಿಗೆ ಹಾಕಲಿ, ಗ್ರಾಮಸಭೆಯಲ್ಲಿ ಓದಲಿ. ಗೇಟಿನಲ್ಲಿ ಒಂದು ದೂರು ಪುಸ್ತಕ ಇಟ್ಟು, ಕೊಟ್ಟವರಿಗೆ ನಂಬರ್ ಹಾಕಿ ರಸೀದಿ ಕೊಡಲಿ. ಸೆಬಿಯವರು ಇದನ್ನು ನಿಯಮದಲ್ಲೇ ಸೇರಿಸಬೇಕು, ಕಂಪನಿಗಳು ಸುಮ್ನೆ ತಾವಾಗಿ ಮಾಡುತ್ತವೆ ಅನ್ನೋ ನಂಬಿಕೆ ನನಗಿಲ್ಲ.

ಅಂದ ಹಾಗೆ, ಹೋದ ಸೋಮವಾರ ಅದೇ ಪತ್ರವನ್ನು ಇನ್ನೊಮ್ಮೆ ಬರೆದು ಕಂಪನಿಗೆ ಸ್ಪೀಡ್ ಪೋಸ್ಟ್ ಮಾಡಿದ್ದೇನೆ. ಈ ಸಲ ರಸೀದಿ ಇದೆ.

– ಕಾರ್ಖಾನೆ ಪಕ್ಕದ ಊರಿನ ಒಬ್ಬ ರೈತ