ರಾಮನವಮಿಗೆ ಪಾನಕವೇ ಇರಲಿ

ಮಾನ್ಯ ಸಂಪಾದಕರೇ,

ಈ ಬಾರಿಯ ರಾಮನವಮಿಯಂದು ನಮ್ಮ ಬಡಾವಣೆಯ ಪೆಂಡಾಲಿನಲ್ಲಿ ಪಾನಕದ ಬದಲು ಬಣ್ಣದ ಪುಡಿ ಕದಡಿದ ಶರಬತ್ತು ಹಂಚಿದ್ದು ಬೇಸರ ತಂದಿತು. ಬೆಲ್ಲ ಕರಗಿಸಿ ಸೋಸಿ, ನಿಂಬೆರಸ ಹಿಂಡಿ, ಜಜ್ಜಿದ ಶುಂಠಿ, ಏಲಕ್ಕಿ, ಕಾಳುಮೆಣಸು ಬೆರೆಸಿದ ಪಾನಕವನ್ನು ಕೋಸಂಬರಿ, ನೀರುಮಜ್ಜಿಗೆಯೊಂದಿಗೆ ಕೊಡುವುದು ಚೈತ್ರದ ಬಿಸಿಲನ್ನು ಬಲ್ಲ ಹಿರಿಯರು ರೂಢಿಸಿದ ಪದ್ಧತಿ. ಈ ಮೂರೂ ಸಾಂಬಾರ ಪದಾರ್ಥಗಳು ಬೆಳೆಯುವ ಮಲೆನಾಡಿನಲ್ಲೇ ಪುಡಿಯ ಪೊಟ್ಟಣ ಒಡೆಯಬೇಕೆ? ಸಾಗರ, ಹೊಸನಗರದ ಕಡೆ ಮುರುಗಲು (ಕೋಕಂ) ಹಣ್ಣಿನ ಒಣಸಿಪ್ಪೆ ನೆನೆಸಿ, ಕಿವುಚಿ, ಜೀರಿಗೆ ಪುಡಿ ಸೇರಿಸಿ ಮಾಡುವ ಕಡುಗೆಂಪು ಪಾನಕವೆಂದರೆ ನನಗಂತೂ ಇನ್ನೂ ಇಷ್ಟ. ಅದಕ್ಕೆ ಕೃತಕ ಬಣ್ಣದ ಹಂಗೇ ಇಲ್ಲ. ಖಾರ ಹಿಡಿಸದವರಿಗೆ ಮೆಣಸು ಕಡಿಮೆ ಮಾಡಿದರಾಯಿತು. ಮುಂದಿನ ವರ್ಷದಿಂದ ಉತ್ಸವ ಸಮಿತಿಗಳು ಪಾನಕವನ್ನೇ, ಅದೂ ಸ್ಟೀಲ್ ಲೋಟಗಳಲ್ಲಿ, ಹಂಚಬೇಕೆಂದು ವಿನಂತಿಸುತ್ತೇನೆ.

– ಓದುಗರೊಬ್ಬರು, ಶಿವಮೊಗ್ಗ